ಹಗ್ಗ ಕಟ್ಟಿಕೊಂಡವನೇ ಸಾಹೇಬ

ಅಗ್ನಿಶಾಮಕದವರ ಕೆಲಸ ಬೆಂಕಿ ಆರಿಸುವುದು ಎಂದು ಹೇಳಿ ನಿಮ್ಮನ್ನು ಯಾರಾದರೂ ಈ ಕೆಲಸಕ್ಕೆ ಸೇರಿಸಿದ್ದರೆ, ಅವರು ನಮ್ಮ ರಾಮನಗರದ ಸೀಮೆ ನೋಡಿದವರಲ್ಲ. ಇಲ್ಲಿ ನಾವು ಬಾವಿಗೆ ಬಿದ್ದ ಹಸು ಎತ್ತುತ್ತೇವೆ. ಸ್ಕೂಟರಿನ ಸೀಟಿನ ಕೆಳಗೆ ಸುತ್ತಿಕೊಂಡು ಮಲಗಿದ ಹಾವು ಹಿಡಿಯುತ್ತೇವೆ. ಹಿತ್ತಾಳೆ ಬಿಂದಿಗೆಗೆ ತಲೆ ತೂರಿಸಿಕೊಂಡ ಮಗುವಿನ ತಲೆ ಬಿಡಿಸಿ, ಬಿಂದಿಗೆ ಹಾಳಾಯಿತೆಂದು ಅಜ್ಜಿಯಿಂದ ಬೈಸಿಕೊಳ್ಳುತ್ತೇವೆ. ಬಂಡೆ ಹತ್ತಿ ಇಳಿಯಲಾರದೆ ಕೂತ ಬೆಂಗಳೂರಿನವರನ್ನು ಇಳಿಸುತ್ತೇವೆ. ನಡುವೆ ಪುರುಸೊತ್ತಾದಾಗ ಬೆಂಕಿಯನ್ನೂ ಆರಿಸುತ್ತೇವೆ.

ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ಮಾಗಡಿಯ ನನ್ನ ಮನೆಗೆ ಬರುತ್ತಾರೆ. "ಸಾರ್, ನಾಳೆ ನಾವೂ ಠಾಣಾಧಿಕಾರಿ ಆಗ್ತೀವಿ. ಟೀಮ್ ನಡೆಸೋದು ಹೆಂಗೆ ಅಂತ ಒಸಿ ಹೇಳ್ಕೊಡಿ" ಎನ್ನುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ದೊಡ್ಡ ಮನುಷ್ಯನ ಗತ್ತಿನಲ್ಲಿ ಶುರು ಮಾಡುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ, "ಇವರೆಲ್ಲಪ್ಪಾ ನಡೆಸಿದ್ರು? ಎಲ್ಲಾರೂ ಸೇರ್ಕಂಡು ಇವರನ್ನ ನಡೆಸ್ಕಂಡು ಬಂದ್ರು!" ಎಂದು ಕೂಗುತ್ತಾಳೆ. ಹುಡುಗರು ನಗುತ್ತಾರೆ. ನನಗೂ ನಗು ಬರುತ್ತದೆ, ಯಾಕೆಂದರೆ ಅವಳು ಹೇಳುವುದು ಸುಳ್ಳಲ್ಲ. ಅದು ಯಾಕೆ ಸುಳ್ಳಲ್ಲ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನದ ಪುರಾಣ ಬಿಟ್ಟಿದ್ದೇನೆ. ಓದಿದರೆ ನನಗೇ ಆಕಳಿಕೆ ಬರುತ್ತದೆ. ಯಾವ ಘಟನೆ ಯಾವ ಠಾಣೆಯದು ಎಂದೂ ಹೇಳುವುದಿಲ್ಲ. ಸಂಬಂಧಪಟ್ಟವರು ಇನ್ನೂ ಆರೋಗ್ಯವಾಗಿ ಪಿಂಚಣಿ ಪಡೆಯುತ್ತಿದ್ದಾರೆ.

ಮೊದಲು ನನ್ನ ಜಾತಕ ಹೇಳಿಬಿಡುತ್ತೇನೆ. ನನಗೆ ಎತ್ತರ ಆಗದು. ಆಗದು ಎಂದರೆ ಆಗದೇ ಆಗದು. ಚಿಕ್ಕಂದಿನಲ್ಲಿ ಅಟ್ಟದ ಮೇಲಿನ ಹುಣಸೆಹಣ್ಣಿನ ಮಡಕೆ ಇಳಿಸು ಎಂದರೆ ಏಣಿಯ ಮೂರನೇ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಅಲ್ಲೇ ಅಪ್ಪಿಕೊಂಡು ನಿಲ್ಲುತ್ತಿದ್ದೆ. ಇಂಥವನು ಅಗ್ನಿಶಾಮಕಕ್ಕೆ ಹೇಗೆ ಸೇರಿದ ಎಂದು ಕೇಳುತ್ತೀರಿ. ಅರ್ಜಿ ಹಾಕುವಾಗ ನನ್ನ ತಲೆಯಲ್ಲಿದ್ದದ್ದು ಕೆಂಪು ಲಾರಿ, ಗಂಟೆ, ನೀರು ಅಷ್ಟೇ. ಏಣಿಯ ವಿಚಾರ ಯಾರೂ ಹೇಳಲಿಲ್ಲ. ತರಬೇತಿಯಲ್ಲಿ ಮೊದಲ ದಿನವೇ ಆಕಾಶಕ್ಕೆ ಒರಗಿಸಿಟ್ಟಂಥ ಏಣಿ ತೋರಿಸಿದರು. ನನ್ನ ಮುಂದೆ ಹತ್ತುತ್ತಿದ್ದವನ ಪ್ಯಾಂಟಿನ ಹೊಲಿಗೆಯೊಂದನ್ನೇ ನೋಡುತ್ತಾ, ಕುಲದೇವರ ಹೆಸರು ಜಪಿಸುತ್ತಾ ಹತ್ತಿ ಇಳಿದೆ. ಆ ಪುಣ್ಯಾತ್ಮನ ಮುಖ ಇವತ್ತು ನೆನಪಿಲ್ಲ, ಹೊಲಿಗೆ ನೆನಪಿದೆ. ಹಾಗೂ ಹೀಗೂ ಪಾಸಾದೆ.

ಇನ್ನು ನನ್ನ ಮೊದಲ ಮೇಲಧಿಕಾರಿಯ ಕಥೆ. ಇವರಿಗೆ ನಾವು ಇಟ್ಟ ಹೆಸರು ಮೈಕ್ ಸಾಹೇಬರು. ಕೈಯಲ್ಲಿ ಸದಾ ಒಂದು ಮೈಕು. ಎದುರಿಗೆ ನಿಂತವನಿಗೂ ಮೈಕಿನಲ್ಲೇ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ, ಪಾಪ, ಕೆಟ್ಟ ಬುದ್ಧಿಯೇನಿಲ್ಲ. ಆದರೆ ಹುಡುಗರು ಏನನ್ನೂ ಸ್ವಂತವಾಗಿ ಮಾಡಲಾರರು ಎಂಬುದು ಅವರ ಗಟ್ಟಿ ನಂಬಿಕೆ. ಲಾರಿಯ ಕಿಟಕಿ ತೆರೆಯುವುದಕ್ಕೂ ಅವರ ಆದೇಶ ಬೇಕು. "ಪೈಪ್ ಎತ್ಕೋ. ಎಡಗೈಯಲ್ಲಿ ಅಲ್ಲ, ಬಲಗೈಯಲ್ಲಿ. ಈಗ ನಡಿ. ಬೇಗ ನಡಿ. ಓಡಬೇಡ!" ಹೀಗೆ.

ಕೂಟಗಲ್ ಕಡೆಯ ಒಂದು ಹಳ್ಳಿಯಲ್ಲಿ ಗೌರಮ್ಮ ಎಂಬಾಕೆಯ ಸೀಮೆಹಸು ತೋಟದ ಬಾವಿಗೆ ಬಿತ್ತು. ನಾವು ಹೋದೆವು. ಬಾವಿಗೆ ಇಳಿದವನು ಮರೀಗೌಡ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಸಣಕಲು ಆಳು. ಕುರಿ ಸಾಕುವ ಮನೆಯವನು, ಮಾತು ಕಮ್ಮಿ. ಹಸುವಿನ ಹೊಟ್ಟೆಯ ಕೆಳಗೆ ಹಗ್ಗ ತೂರಿಸಿ ಕಟ್ಟಿದ. ಮೇಲೆ ನಾವೆಲ್ಲ ಎಳೆಯಲು ನಿಂತೆವು. ಹಳ್ಳಿಯವರೂ ಕೈ ಹಾಕಿದರು. ಬಾವಿಯೊಳಗಿಂದ ಮರೀಗೌಡ "ಒಸಿ ತಡೀರಿ, ಹಸ ಕಾಲು ಒದರ್ತೈತೆ" ಎಂದರೆ, ಮೇಲಿಂದ ಮೈಕ್ ಸಾಹೇಬರು "ಎಳೀರಿ!" ಎನ್ನುತ್ತಿದ್ದರು. ಅವನು "ಈಗ ಎಳೀರಿ" ಎಂದರೆ ಇವರು "ತಡೀರಿ, ನಾನು ಹೇಳೋ ತನಕ ತಡೀರಿ!" ಎನ್ನುತ್ತಿದ್ದರು. ನಾವು ಅರ್ಧ ಜನ ಎಳೆದೆವು, ಅರ್ಧ ಜನ ಬಿಟ್ಟೆವು. ಹಸು ಬಾವಿಯ ಮಧ್ಯದಲ್ಲಿ ಉಯ್ಯಾಲೆಯಾಡಿತು.

ಕೊನೆಗೆ ಹಳ್ಳಿಯವರೊಬ್ಬರು ಸಿಟ್ಟಿಗೆದ್ದು, "ಯಾರ ಮಾತೂ ಕೇಳ್ಬ್ಯಾಡ್ರಲಾ, ಐಸಾ!" ಎಂದರು. ಎಲ್ಲರೂ ಒಟ್ಟಿಗೆ ಎಳೆದೆವು. ಹಸು ರೊಯ್ಯನೆ ಮೇಲೆ ಬಂತು. ಸಾಹೇಬರು ಮಾತ್ರ ತಮ್ಮ ಕಾಲ ಬಳಿ ಸುರುಳಿಯಾಗಿ ಬಿದ್ದಿದ್ದ ಹಗ್ಗವನ್ನು ನೋಡಿರಲಿಲ್ಲ. ಹಸು ಬಂದ ರಭಸಕ್ಕೆ ಸುರುಳಿ ಬಿಗಿದು, ಅವರ ಕಾಲು ಹಾರಿ, ಮೈಕಿನ ಸಮೇತ ಬಾವಿಗೆ ಧುಡುಂ ಎಂದು ಬಿದ್ದರು.

"ಅಯ್ಯಯ್ಯೋ, ಹಸ ಬಂತು, ಸಾಯೇಬ್ರು ಹೋದ್ರಲ್ರಪ್ಪೋ!" ಎಂದು ಗೌರಮ್ಮ ಬಾಯಿ ಬಡಿದುಕೊಂಡಳು.

ನಾವೆಲ್ಲ ಬಗ್ಗಿ ನೋಡಿದೆವು. ನಾನು ಬಗ್ಗಲಿಲ್ಲ, ಬಗ್ಗಿದವರನ್ನು ಕೇಳಿದೆ. ಸಾಹೇಬರು ಮರೀಗೌಡನ ಕುತ್ತಿಗೆ ತಬ್ಬಿಕೊಂಡಿದ್ದರಂತೆ. ಆಗ ಬಾವಿಯೊಳಗಿಂದ ಮರೀಗೌಡನ ತಣ್ಣನೆಯ ದನಿ ಕೇಳಿಸಿತು: "ಸಾ, ಈಗ ಒಸಿ ಸುಮ್ಕಿರಿ. ನಾನು ಹೇಳ್ದಂಗೆ ಮಾಡಿ. ಕೈ ಎತ್ತಿ. ಹಾಂ, ಅಂಗೇ. ಹಸೂಗೂ ಇಂಗೇ ಕಟ್ಟಿದ್ದು." ಸಾಹೇಬರು ಕೈ ಎತ್ತಿದರು. ಸುಮ್ಮನಿದ್ದರು. ಅವನು ಹೇಳಿದ ಹಾಗೆ ನಾವು ಎಳೆದೆವು, ಅವನು ಹೇಳಿದಾಗ ನಿಲ್ಲಿಸಿದೆವು. ಒಂದು ಗೀರೂ ಆಗದಂತೆ ಸಾಹೇಬರು ಮೇಲೆ ಬಂದರು. ಮೈಕು ಇನ್ನೂ ಆ ಬಾವಿಯಲ್ಲೇ ಇರಬೇಕು.

ಅವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಹಗ್ಗ ಸೊಂಟಕ್ಕೆ ಕಟ್ಟಿಕೊಂಡವನು ಯಾರೋ ಅವನೇ ಆ ಕೆಲಸ ಮುಗಿಯುವವರೆಗೆ ಸಾಹೇಬ. ಅವನ ಮಾತೇ ಮಾತು, ಅಧಿಕಾರಿಗೂ. ಇನ್ನೊಂದು: ಹಗ್ಗದ ಮೇಲಿನ ತುದಿ ಹಿಡಿಯುವವನನ್ನು ಅವನೇ ಆರಿಸಿಕೊಳ್ಳಬೇಕು. ಅವನು ಬೆರಳು ತೋರಿಸಿದವನು ಇಲ್ಲ ಎನ್ನುವ ಹಾಗಿಲ್ಲ. ಯಾಕೆಂದರೆ ಕೆಳಗೆ ಹೋಗುವುದು ಅವನ ಜೀವ.

ನಾನು ಠಾಣಾಧಿಕಾರಿಯಾದ ಮೇಲೆ ಈ ಪದ್ಧತಿಯನ್ನು ಭದ್ರವಾಗಿ ಅಪ್ಪಿಕೊಂಡೆ. ಹುಡುಗರನ್ನು ನಂಬುವ ಉದಾರಿ ಎಂದು ನನಗೆ ಹೆಸರು ಬಂತು. ತರಬೇತಿ ಶಿಬಿರಕ್ಕೆ ಕರೆದು "ಅಧೀನ ಸಿಬ್ಬಂದಿಗೆ ಹೊಣೆ ಹಂಚುವುದು" ಎಂದು ಭಾಷಣವನ್ನೂ ಮಾಡಿಸಿದರು. ಒಳಗಿನ ಗುಟ್ಟೇನು? ಏಣಿ ಹತ್ತಲಾರೆ, ಬಾವಿ ಇಣುಕಲಾರೆ, ಬಂಡೆಯ ಹತ್ತಿರ ಸುಳಿಯಲಾರೆ. ನಂಬದೆ ಇನ್ನೇನು ಮಾಡಲಿ? ಹುಡುಗರಿಗೂ ಇದು ಗೊತ್ತಿತ್ತು. ಮಹಡಿ ಕೆಲಸ ಬಂದರೆ "ಸಾ, ನೀವು ಕೆಳಗೆ ಜನ ನೋಡ್ಕಳಿ" ಎಂದು ಮರ್ಯಾದೆಯಾಗಿ ನನ್ನನ್ನು ನೆಲದ ಮೇಲೆ ಉಳಿಸುತ್ತಿದ್ದರು.

ಆದರೆ ಕೆಲಸ ಬಿಟ್ಟುಕೊಡುವುದು ಬಲು ಸುಲಭ, ಎಡವಟ್ಟಾದಾಗ ಗೊತ್ತಾಗುತ್ತದೆ ನಿಜವಾಗಿ ಬಿಟ್ಟುಕೊಟ್ಟೆವೋ ಇಲ್ಲವೋ ಎಂದು. ಕನಕಪುರದ ಕಡೆ ಒಮ್ಮೆ ರಾಗಿ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಪಕ್ಕದಲ್ಲೇ ಮನೆಗಳು. ಲಾರಿಯ ನೀರು ಖಾಲಿಯಾಯಿತು. ನಮ್ಮ ಡ್ರೈವರ್ ಬಾಬಾಜಾನ್ "ಸಾಹೇಬ್ರೆ, ನೀರು ಎಲ್ಲಿಂದ ತರ್ಲಿ?" ಎಂದ. ಚನ್ನಪಟ್ಟಣದವನು, ಗಾಡಿಯನ್ನು ಮಗಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾನೆ ಎಂದು ಅವನ ಮಗಳೇ ದೂರುತ್ತಿದ್ದಳು. ನಾನು ನನ್ನ ಉದಾರಿ ಗತ್ತಿನಲ್ಲಿ, "ನಿನಗೆ ಬಿಟ್ಟಿದ್ದು ಬಾಬಾಜಾನ್. ನನ್ನ ಕೇಳಬೇಡ" ಎಂದೆ.

ಹೋದವನು ಬೇಗನೆ ಬಂದ. ಪೈಪು ಹಿಡಿದರೆ ಬಂದದ್ದು ನೀರಲ್ಲ, ಬೆಳ್ಳನೆಯ ಗಂಜಿ! ಹತ್ತಿರದಲ್ಲಿ ಗ್ರಾನೈಟ್ ಕಲ್ಲು ಪಾಲಿಶ್ ಮಾಡುವ ಕಡೆ ಒಂದು ಹೊಂಡವಿತ್ತು. ಮೇಲೆ ತಿಳಿನೀರು, ಕೆಳಗೆ ಆಳೆತ್ತರ ಕಲ್ಲಿನ ಹಿಟ್ಟು. ಇವನು ಪೈಪನ್ನು ತಳಕ್ಕೇ ಬಿಟ್ಟಿದ್ದ. ಬುಸ್ ಎಂದು ಹಾರಿದ ಗಂಜಿ ಮೆದೆಯ ಮೇಲೆ ಬಿತ್ತು, ಮನೆಗಳ ಮೇಲೆ ಬಿತ್ತು, ನೋಡಲು ನಿಂತ ಹೆಂಗಸರ ಮೇಲೆ, ಊರ ಯಜಮಾನರ ಮೀಸೆಯ ಮೇಲೆ, ಒಂದು ಮದುವೆ ಮಾತುಕತೆಗೆಂದು ಇಸ್ತ್ರಿ ಹಾಕಿಕೊಂಡು ಬಂದಿದ್ದ ನೆಂಟರ ಮೇಲೆ ಬಿತ್ತು. ಇಡೀ ಊರು ಸುಣ್ಣ ಬಳಿದ ಹಾಗಾಯಿತು. ಮಕ್ಕಳು ಕುಣಿದಾಡಿದವು. ತಮಾಷೆಯೆಂದರೆ ಬೆಂಕಿ ನಂದಿತು. ಆ ಗಂಜಿ ಮೆದೆಯ ಮೇಲೆ ಕಂಬಳಿ ಹೊದಿಸಿದಂತೆ ಕೂತು, ಉಸಿರೇ ಆಡದೆ ಬೆಂಕಿ ಸತ್ತಿತು.

ನೀರು ಎಳೆಯುವ ಪಂಪೂ ಸತ್ತಿತು. ಯಾರು ಹೇಳಿದರು ಆ ಹೊಂಡಕ್ಕೆ ಪೈಪು ಬಿಡಲು ಎಂದು ಮೇಲಿನಿಂದ ಕಾಗದ ಬಂತು. ಬಾಬಾಜಾನ್ ಮುಖ ಸಣ್ಣ ಮಾಡಿಕೊಂಡು, "ನನ್ ಹೆಸ್ರು ಬರ್ದ್‌ಬುಡಿ ಸಾಹೇಬ್ರೆ, ನಾನೇ ಅಲ್ವಾ ಬುಟ್ಟಿದ್ದು" ಎಂದ. ನನಗೆ ರೇಗಿತು. ಅವತ್ತು "ನಿನಗೆ ಬಿಟ್ಟಿದ್ದು" ಎಂದು ಮೆರೆದವನು ನಾನು. ಈಗ "ಅವನು ಮಾಡಿದ್ದು" ಎಂದರೆ ನಾನು ಎಂಥ ಮನುಷ್ಯ? "ನನ್ನ ಆದೇಶದಂತೆ" ಎಂದು ಬರೆದು ಸಹಿ ಹಾಕಿದೆ. ಆಮೇಲೆ ಇಬ್ಬರೂ ಕೂತು ಪಂಪು ಬಿಚ್ಚಿ, ತಂತಿ ಹಾಕಿ, ಕೆತ್ತಿ ಕೆತ್ತಿ ಕಲ್ಲಿನ ಹಿಟ್ಟು ತೆಗೆದೆವು. ಕೆಲಸ ಮಾಡುತ್ತಾ ಆ ಯಜಮಾನರ ಮೀಸೆ ನೆನಪಾಗಿ ಒಬ್ಬ ನಕ್ಕರೆ ಇನ್ನೊಬ್ಬನೂ ನಗುತ್ತಿದ್ದ. ಆಮೇಲೆ ಬಾಬಾಜಾನ್ ನೀರಿನ ವಿಚಾರದಲ್ಲಿ ಒಂದೇ ಒಂದು ಸಲವೂ ತಪ್ಪಲಿಲ್ಲ. ಬೈದಿದ್ದರೆ ಪ್ರತಿ ಸಲವೂ ನನ್ನನ್ನು ಕೇಳಿಕೊಂಡು ನಿಲ್ಲುತ್ತಿದ್ದ, ಅಷ್ಟರಲ್ಲಿ ಊರು ಸುಡುತ್ತಿತ್ತು.

ಕಾಲ ಬದಲಾಯಿತು. ಮೈಕು ಹೋಗಿ ಮೊಬೈಲು ಬಂತು. ನನ್ನ ಕೊನೆಯ ಮೇಲಧಿಕಾರಿಗೆ ನಾವಿಟ್ಟ ಹೆಸರು ಗ್ರೂಪ್ ಸಾಹೇಬರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಚುರುಕು, ಇಂಗ್ಲಿಷು ಪಟಪಟ. ವಾಟ್ಸಾಪಿನಲ್ಲಿ ಒಂದು ಗ್ರೂಪ್ ಮಾಡಿ, ಸ್ಥಳಕ್ಕೆ ಹೋದ ಕೂಡಲೇ ಫೋಟೋ ಹಾಕಬೇಕು, ವಿಡಿಯೋ ಕಾಲ್ ಮಾಡಬೇಕು, ತಮ್ಮ ಒಪ್ಪಿಗೆ ಬಂದ ಮೇಲೆಯೇ ಕೈ ಹಾಕಬೇಕು ಎಂದರು. ಹಾರೋಹಳ್ಳಿಯಲ್ಲಿ ಒಂದು ಮನೆಯ ಬಚ್ಚಲಿಗೆ ನಾಗರಹಾವು ಬಂದಿತ್ತು. ನಾವು ಫೋಟೋ ಹಾಕಿದೆವು. "ಸರಿಯಾಗಿ ಕಾಣ್ತಿಲ್ಲ, ಇನ್ನೊಂದು ಹಾಕಿ" ಎಂದರು. ಇನ್ನೊಂದು ಹಾಕಿದೆವು. "ಹೆಡೆ ಇರೋ ಕಡೆಯಿಂದ ತೆಗೀರಿ" ಎಂದರು. ಒಪ್ಪಿಗೆಯ ಹೆಬ್ಬೆರಳು ಬರುವಷ್ಟರಲ್ಲಿ ಹಾವಿಗೇ ಬೇಸರವಾಗಿ ಮೋರಿಯ ದಾರಿ ಹಿಡಿದು ಹೊರಟುಹೋಗಿತ್ತು. ಗ್ರೂಪಿನಲ್ಲಿ "ಕಾರ್ಯಾಚರಣೆ ಯಶಸ್ವಿ" ಎಂದು ಬಂತು.

ಈಗ ಹೇಳಬೇಕಾದ ದಿನಕ್ಕೆ ಬರುತ್ತೇನೆ. ನಾನು ನಿವೃತ್ತಿಯಾಗುವುದಕ್ಕೆ ಸ್ವಲ್ಪ ಮುಂಚೆ. ಮಧ್ಯಾಹ್ನದ ಮೇಲೆ ಠಾಣೆಗೆ ಫೋನು. ಊರಾಚೆಯ ಬಂಡೆಯೊಂದರ ಹೊಟ್ಟೆಯಲ್ಲಿ ಮೂವರು ಸಿಕ್ಕಿಕೊಂಡಿದ್ದಾರೆ. ಬಂಡೆಯ ಹೆಸರು ಬರೆಯುವುದಿಲ್ಲ, ಬರೆದರೆ ನೀವೂ ಹತ್ತುತ್ತೀರಿ. ಮೂವರು ಯಾರೆಂದರೆ ಮದುಮಗ, ಮದುಮಗಳು, ಫೋಟೋದವನು. ಮದುವೆ ಇದ್ದದ್ದು ಮರುದಿನ ಬೆಳಿಗ್ಗೆ, ಚನ್ನಪಟ್ಟಣದ ಛತ್ರದಲ್ಲಿ!

ಬಂಡೆಯ ಬುಡದಲ್ಲಿ ಹುಡುಗಿಯ ತಂದೆ ಪುಟ್ಟರಾಜಣ್ಣ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಯವರು. "ಅರಿಶಿನ ಹಚ್ಚುದ್ಮೇಲೆ ಹೊಸ್ಲು ದಾಟ್ಬ್ಯಾಡ ಅಂತ ಅವ್ರಜ್ಜಿ ಬಡ್ಕಂಡ್ಲು ಸಾರ್! ಒಂದೇ ಒಂದ್ ಫೋಟೋ ಅಜ್ಜೀ ಅಂತ ಹೋದ್ರು. ಛತ್ರದಲ್ಲಿ ಈರುಳ್ಳಿ ಹೆಚ್ತಾವ್ರೆ, ಇವ್ಳು ನೋಡುದ್ರೆ ಬಂಡೆ ಮ್ಯಾಲೆ ಕುಂತವ್ಳೆ. ಒಬ್ಳೇ ಮಗ್ಳು ಕಣ್ ಸಾರ್!" ಎಂದವರು ಗಳಗಳನೆ ಅತ್ತರು.

ಆಗಿದ್ದು ಇಷ್ಟು. ಫೋಟೋ ಚೆನ್ನಾಗಿ ಬರಲಿ ಎಂದು ಬಂಡೆಯ ತುದಿಯಿಂದ ಎರಡಾಳು ಕೆಳಗಿರುವ ಚಾಚುಗಲ್ಲಿಗೆ ಮೂವರೂ ಜಾರಿಕೊಂಡು ಇಳಿದಿದ್ದರು. ಇಳಿದದ್ದು ಸುಲಭ, ಹತ್ತುವುದಕ್ಕೆ ಬೆರಳು ಊರಲೂ ಜಾಗವಿಲ್ಲ. ಸಾಲದ್ದಕ್ಕೆ ಫೋಟೋದವನ ಡ್ರೋನು ಬಂಡೆಯ ಪಕ್ಕೆಯಲ್ಲಿ ನೇತಾಡುತ್ತಿದ್ದ ಹೆಜ್ಜೇನಿನ ಹತ್ತಿರ ಹೋಗಿ ಗುಂಯ್ ಎಂದಿತ್ತು. ಜೇನಿಗೆ ಇವನು ಯಾರ ಪೈಕಿ ಎಂದು ಸಿಟ್ಟು ಬಂದು ಎದ್ದಿತ್ತು. ಮದುಮಗಳು ಮೈತುಂಬ ಮಾರುದ್ದದ ನೆರಿಗೆಯ ಕೆಂಪು ಗೌನು ಹಾಕಿದ್ದಳು. ಆ ಗೌನಿನ ಕೆಳಗೆ ಮೂವರೂ ಮುದುಡಿ ಕೂತಿದ್ದರು. ಕೆಳಗಿನಿಂದ ನೋಡಿದರೆ ಬಂಡೆಗೆ ಕೆಂಪು ಬಟ್ಟೆ ಒಣಗಹಾಕಿದಂತೆ ಕಾಣುತ್ತಿತ್ತು.

ಮರೀಗೌಡ ಆ ಹೊತ್ತಿಗೆ ಲೀಡಿಂಗ್ ಫೈರ್‌ಮನ್. ತಲೆ ನರೆತಿತ್ತು, ಮಾತು ಇನ್ನೂ ಕಮ್ಮಿಯೇ. ಬಂಡೆಯನ್ನು ಎರಡು ಕಡೆಯಿಂದ ನೋಡಿ ಬಂದು, "ಸೈರನ್ ಬ್ಯಾಡ, ಕೂಗಾಟ ಬ್ಯಾಡ. ಹೊತ್ತು ಇಳೀತಿದ್ದಂಗೆ ಜೇನು ಕುಂತ್ಕತವೆ. ಕುಂತ ಮ್ಯಾಕೆ, ಕತ್ತಲಾಗಾಕ್ ಮುಂಚೆ, ಅಷ್ಟ್ರೊಳಗೆ ಮೂರೂ ಜನಾನೂ ತಗೀಬೇಕು. ಹಿಂದ್ಲಿಂದ ಹತ್ತಿ ಮ್ಯಾಲಿಂದ ಇಳೀತೀನಿ" ಎಂದ. ಎರಡು ಹಗ್ಗ ತೆಗೆಸಿದ. ಒಂದು, ಕೆಳಗಿದ್ದವರನ್ನು ಎಳೆಯುವುದಕ್ಕೆ. ಅದಕ್ಕೆ ಬಾಬಾಜಾನ್ ಮತ್ತು ಹುಡುಗರು. ಇನ್ನೊಂದು ಅವನದೇ ಜೀವದ ಹಗ್ಗ. ಅದನ್ನು ಸೊಂಟಕ್ಕೆ ಕಟ್ಟಿಕೊಂಡ. ಅಲ್ಲಿಗೆ ಅವನು ಸಾಹೇಬನಾದ.

"ನಿನ್ನ ಹಗ್ಗಕ್ಕೆ ಯಾರು?" ಎಂದು ಪದ್ಧತಿಯಂತೆ ಕೇಳಿದೆ. ಎಮ್ಮೆ ಕಟ್ಟಿ ಎಳೆಯುವಂಥ ಆಳುಗಳು ಮೂರು ಜನ ಎದೆಯುಬ್ಬಿಸಿ ನಿಂತಿದ್ದರು. ಮರೀಗೌಡ ಅವರನ್ನೆಲ್ಲ ದಾಟಿ ನನ್ನ ಕಡೆ ಬೆರಳು ತೋರಿಸಿದ.

"ನೀವು ಬನ್ನಿ ಸಾ."

ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ. ಪುಟ್ಟರಾಜಣ್ಣ ಒಬ್ಬರೇ ಇದ್ದರು. "ಮರೀಗೌಡಾ, ತಮಾಷೆ ಮಾಡ್ತಿದ್ದೀಯೇನಯ್ಯಾ? ನನ್ನ ಕಥೆ ನಿನಗೆ ಗೊತ್ತಿಲ್ವಾ?" ಎಂದೆ. "ಗೊತ್ತು ಕಣ್ ಸಾ. ಬನ್ನಿ, ಹೊತ್ತಾಯ್ತದೆ" ಎಂದವನು ತಿರುಗಿ ನಡೆದೇಬಿಟ್ಟ. ಇಲ್ಲ ಎನ್ನುವ ಹಾಗಿಲ್ಲ. ಪದ್ಧತಿ ಅಪ್ಪಿಕೊಂಡು ಮೆರೆದವನೇ ನಾನು! ಹುಡುಗರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

ಹತ್ತಿದೆ. ಹಿಂದಿನ ಇಳಿಜಾರು ಕುರಿಮರಿ ಓಡಿಕೊಂಡು ಹತ್ತುವಂಥದ್ದು ಎಂದು ಆಮೇಲೆ ಎಲ್ಲರೂ ಹೇಳಿದರು. ನಾನು ಅಂಬೆಗಾಲಿನಲ್ಲಿ ಹತ್ತಿದೆ. ಮುಂದೆ ಮರೀಗೌಡ, ಹಿಂದಿನಿಂದ ಬಾಬಾಜಾನ್ ನನ್ನ ಸೊಂಟಕ್ಕೆ ಕೈ ಕೊಟ್ಟು ನೂಕುತ್ತಿದ್ದ. "ಕಣ್ಣು ಬುಡ್ಬ್ಯಾಡಿ ಸಾಹೇಬ್ರೆ, ಹಂಗೇ ಬನ್ನಿ. ಬಲಗಡೆ ಒಂದು ಪಾಪಸುಕಳ್ಳಿ ಐತೆ, ಅದುನ್ನೊಂದ್ ಬುಟ್ರೆ ಎಲ್ಲಾ ಹೂವಿನ ಹಾಸ್ಗೆ" ಎನ್ನುತ್ತಾ ಬಂದ. ಪಾಪಸುಕಳ್ಳಿಯ ಮೇಲೆಯೇ ಕೈಯೂರಿದೆ.

ತುದಿಯಿಂದ ಸ್ವಲ್ಪ ಹಿಂದೆ ಒಂದು ದುಂಡುಬಂಡೆಯಿತ್ತು. ಮರೀಗೌಡ ಹಗ್ಗವನ್ನು ಅದಕ್ಕೆ ಸುತ್ತು ಹಾಕಿ, ಅದರ ಹಿಂದೆ ನನ್ನನ್ನು ಕೂರಿಸಿ, ಪಾದ ಎರಡನ್ನೂ ಬಂಡೆಗೆ ಒದ್ದು ಹಿಡಿಯುವಂತೆ ಹೇಳಿ, ತುದಿಯನ್ನು ಕೈಗೆ ಕೊಟ್ಟ. "ಒಂದ್ಸಲ ಜಗ್ಗಿದ್ರೆ ನಿಲ್ಸಿ. ಎರಡು ಜಗ್ಗಿದ್ರೆ ಒಸಿ ಸಡಿಲ ಬುಡಿ. ಮೂರು ಜಗ್ಗಿದ್ರೆ ನನ್ನ ಎಳ್ಕಳಿ. ಬ್ಯಾರೆ ಏನೂ ಯೋಚ್ನೆ ಮಾಡ್ಬ್ಯಾಡಿ" ಎಂದು ಹೇಳಿ ತುದಿಯಾಚೆ ಇಳಿದು ಕಾಣೆಯಾದ.

ಇಷ್ಟು ವರ್ಷ ಹುಡುಗರನ್ನು ಬಾವಿಗೂ ಹೊಗೆಗೂ ಕಳಿಸಿ ನೆಲದ ಮೇಲೆ ನಿಂತಿದ್ದೆ. ನಂಬುವುದು ಎಂದರೆ ಅದೇ ಎಂದುಕೊಂಡಿದ್ದೆ. ನಂಬಿಸಿಕೊಳ್ಳುವುದು ಇಷ್ಟು ಭಾರ ಎಂದು ಗೊತ್ತಿರಲಿಲ್ಲ. ಏನೂ ಕಾಣುತ್ತಿಲ್ಲ. ಕಣ್ಣೆದುರು ಬಂಡೆ, ಕೈಯಲ್ಲಿ ಹಗ್ಗ, ಹಗ್ಗದ ಆಚೆ ಮರೀಗೌಡ ಮತ್ತು ಅವನ ಹೆಂಡತಿ ಮಕ್ಕಳು. ಎರಡು ಸಲ ಜಗ್ಗಿತು. ಒಸಿ ಬಿಟ್ಟೆ. ಮತ್ತೆ ಎರಡು. ಮತ್ತೆ ಒಸಿ. ಒಂದು ಜಗ್ಗಿತು. ಹಿಡಿದೆ.

ಮೊದಲು ಮದುಮಗಳು ಬಂದಳು. ಬಾಬಾಜಾನಿನ ಕಡೆಯವರು ಎಳೆಯುತ್ತಿದ್ದಂತೆ ಅವಳ ಗೌನಿಗೆ ಗಾಳಿ ತುಂಬಿ, ಅವಳಿಗಿಂತ ಮೊದಲು ಗೌನೇ ಮೇಲೆ ಬಂತು. "ಅಲ್ಲಾ, ಇದೇನು ಮದ್ವೆ ಹೆಣ್ಣೋ ಶಾಮಿಯಾನಾನೋ!" ಎಂದ ಬಾಬಾಜಾನ್. ಮೇಲೆ ಬಂದವಳು ಗೌನು ಬಾಚಿಕೊಂಡು ಕೂತು, ಮೊದಲು ಕೇಳಿದ್ದು "ಅವರು ಬಂದ್ರಾ?" ಎಂದು. ಆಮೇಲೆ ಫೋಟೋದವನು ಬಂದ. ಅವನು ಕೇಳಿದ್ದು "ಕ್ಯಾಮೆರಾ ಬಂತಾ?" ಎಂದು.

ಮದುಮಗನಿಗೆ ಕಟ್ಟುವಾಗ ಎಡವಟ್ಟಾಯಿತು. ಫೋಟೋದವನು ಬಿಟ್ಟುಬಂದಿದ್ದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಯಾರದೋ ಕಾಲು ತಗುಲಿ ಉರುಳಿತು. ಠಣ್ ಠಣ್ ಎನ್ನುತ್ತಾ ಬಂಡೆಯುದ್ದಕ್ಕೂ ಹೋಯಿತು. ಕೂತಿದ್ದ ಜೇನು ಮತ್ತೆ ಗುಂಯ್ ಎಂದವು. ಕೆಳಗಿನಿಂದ ಒಂದು ಕೂಗು. ಮರುಕ್ಷಣ ನನ್ನ ಹಗ್ಗ ಸರ್ರನೆ ಓಡಿತು.

ಮರೀಗೌಡನ ಕಾಲು ಜಾರಿತ್ತು. ಅವನ ಭಾರವೆಲ್ಲ ನನ್ನ ಕೈಗೆ ಬಂತು. ಅಂಗೈ ಉರಿದುಹೋಯಿತು. ಎದೆ ಬಂಡೆಗೆ ಬಡಿಯಿತು. ಬಿಡಲಿಲ್ಲ. ಅಪ್ಪಾ, ಅಮ್ಮಾ, ಕುಲದೇವರೇ, ಎಲ್ಲರನ್ನೂ ಕೂಗಿದೆ, ಹಗ್ಗ ಬಿಡಲಿಲ್ಲ. ಹಗ್ಗ ನಿಂತಿತು. ಆ ಕಡೆಯಿಂದ ಒಂದು ಜಗ್ಗೂ ಇಲ್ಲ, ಸದ್ದೂ ಇಲ್ಲ.

ಸರಿಯಾಗಿ ಆಗಲೇ ನನ್ನ ಅಂಗಿ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಅಷ್ಟರಲ್ಲಿ ಹುಡುಗರು ಮದುಮಗನನ್ನು ಎಳೆದು ಹಾಕಿದ್ದರು. ಬಾಬಾಜಾನ್ ಓಡಿಬಂದು ನನ್ನ ಹಿಂದೆ ಕೂತು ನನ್ನ ಹಗ್ಗಕ್ಕೆ ಒಂದು ಕೈ ಹಾಕಿ, ಇನ್ನೊಂದರಲ್ಲಿ ಫೋನು ತೆಗೆದು ಸ್ಪೀಕರಿಗೆ ಹಾಕಿದ. ಗ್ರೂಪ್ ಸಾಹೇಬರು!

"ಫೋಟೋ ಯಾಕೆ ಹಾಕಿಲ್ಲ? ಅಧಿಕಾರಿ ಎಲ್ಲಿ?"

"ಸಾಹೇಬ್ರು ಹಗ್ಗ ಹಿಡ್ಕಂಡವ್ರೆ ಸಾರ್" ಎಂದ ಬಾಬಾಜಾನ್.

"ಹಗ್ಗಾನಾ? ಬಂಡೆ ಮೇಲಾ? ಯಾರ ಪರ್ಮಿಷನ್ ಮೇಲೆ?"

ನನಗೆ ಎಲ್ಲಿತ್ತೋ ಅಷ್ಟು ದನಿ. "ಮರೀಗೌಡರ ಪರ್ಮಿಷನ್ ಮೇಲೆ ಸಾರ್!" ಎಂದು ಕಿರುಚಿದೆ.

ಅಷ್ಟರಲ್ಲಿ ನನ್ನ ಹಗ್ಗ ಜಗ್ಗಿತು. ಒಂದು. ಎರಡು. ನಾನು ಉಸಿರು ಹಿಡಿದೆ. ಮೂರು!

"ಎಳೀರೋ!" ಎಂದೆ. ಮದುಮಗಳು, ಫೋಟೋದವನು, ಹುಡುಗರು, ಎಲ್ಲರೂ ಆ ಹಗ್ಗಕ್ಕೆ ಬಿದ್ದರು. ಮೊದಲು ಮರೀಗೌಡನ ಕೈ ಕಂಡಿತು, ಆಮೇಲೆ ನರೆತ ತಲೆ. ಹಣೆಯಲ್ಲಿ ಜೇನು ಕಚ್ಚಿದ ಎರಡು ಗುಬುಟು. ಮೊಣಕೈ ಕೆತ್ತಿಹೋಗಿತ್ತು. ಅವನನ್ನು ಕಂಡದ್ದೇ ನನಗೆ ನಗು ಬಂತು. ನಕ್ಕೆ, ನಿಲ್ಲಿಸಲಾಗದೆ ನಕ್ಕೆ. ಬಾಬಾಜಾನ್ ನಕ್ಕ, ಮದುಮಗಳು ಅಳುತ್ತಾ ನಕ್ಕಳು. ಕೈ ಮಾತ್ರ ಹಗ್ಗ ಬಿಡಲು ಒಪ್ಪಲಿಲ್ಲ. ಒಂದೊಂದೇ ಬೆರಳು ಬಿಡಿಸಿದರು. ಅಂಗೈ ತೊಗಲು ಕಿತ್ತುಬಂದಿತ್ತು. ನನಗೆ ಅದು ಆಗ ಗೊತ್ತಾಯಿತು. ಇಳಿಯುವಾಗ ಕೂತುಕೊಂಡೇ ಇಳಿದೆ, ಪ್ಯಾಂಟು 'ಸ್ವಾಹಾ' ಆಯಿತು.

ಮರುದಿನ ಪುಟ್ಟರಾಜಣ್ಣ ಠಾಣೆಗೆ ವ್ಯಾನು ಕಳಿಸಿ ನಮ್ಮನ್ನೆಲ್ಲ ಛತ್ರಕ್ಕೆ ಕರೆಸಿಕೊಂಡರು. ಮದುಮಗನ ಮುಖ ಕುಂಬಳಕಾಯಿಯಾಗಿತ್ತು. ಒಂದು ಕಣ್ಣು ಪೂರಾ ಮುಚ್ಚಿತ್ತು. ಅಂತರಪಟ ಸರಿಸಿದಾಗ ಮದುಮಗಳು ಅವನನ್ನು ನೋಡಿ ಫಕ್ಕನೆ ನಕ್ಕುಬಿಟ್ಟಳು, ಪುರೋಹಿತರಿಗೂ ಮಂತ್ರ ತಪ್ಪಿತು. ಮದುಮಗಳ ಅಜ್ಜಿ ಮುಂದಿನ ಸಾಲಿನಲ್ಲಿ ಕೂತು, "ಹೊಸ್ಲು ದಾಟ್ಬ್ಯಾಡ ಅಂದಿದ್ದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಗ್ರೂಪ್ ಸಾಹೇಬರ ಕಾಗದವೂ ಅಷ್ಟರಲ್ಲಿ ಬಂದಿತ್ತು: ಅಧೀನ ಸಿಬ್ಬಂದಿಯ ಆದೇಶವನ್ನು ಪಾಲಿಸಿದ್ದೇಕೆ? "ಹಗ್ಗ ಅವರ ಸೊಂಟದಲ್ಲಿತ್ತು" ಎಂದು ಉತ್ತರ ಬರೆಸಿ ಕಳಿಸಿದೆ. ಮತ್ತೆ ಅವರು ಅದರ ಮಾತೆತ್ತಲಿಲ್ಲ.

ಊಟಕ್ಕೆ ಕೂತೆವು. ನನ್ನ ಎರಡು ಕೈಗೂ ಬ್ಯಾಂಡೇಜು. ಬೆರಳ ತುದಿಯಲ್ಲಿ ಚಮಚ ಸಿಕ್ಕಿಸಿಕೊಂಡು ಅನ್ನದ ಹಿಂದೆ ಓಡುತ್ತಿದ್ದೆ. ಪಕ್ಕದಲ್ಲಿ ಮರೀಗೌಡ ತಲೆ ಬಗ್ಗಿಸಿ ಉಣ್ಣುತ್ತಿದ್ದ. ತಡೆಯಲಾಗಲಿಲ್ಲ, ಕೇಳಿದೆ.

"ಅಲ್ಲಯ್ಯಾ ಮರೀಗೌಡಾ, ಮೂರು ಜನ ಗಟ್ಟಿ ಆಳು ನಿಂತಿದ್ದರು. ಏಣಿ ಹತ್ತಕ್ಕೂ ಹೆದರೋ ನನ್ನನ್ನ ಯಾಕೆ ಕರೆದೆ? ಸತ್ಯ ಹೇಳು."

ಮರೀಗೌಡ ತುತ್ತು ನುಂಗಿ, ನೀರು ಕುಡಿದು, ಸಾವಕಾಶವಾಗಿ ಹೇಳಿದ. "ನೀವು ಹೆದ್ರುಕೊಂಡಿದ್ರಲ್ಲ ಸಾ, ಅದುಕ್ಕೇ. ಅವ್ರಿಗೆ ಬಂಡೆ ಅಂದ್ರೆ ಭಯ ಇಲ್ಲ. ಭಯ ಇಲ್ದೋರು ಮಧ್ಯದಲ್ಲಿ ಒಂದ್ ಕೈ ಬುಟ್ಟು ಬೆವ್ರು ಒರ್ಸ್ಕತಾರೆ, ಕೆಳ್ಗೆ ಬಗ್ಗಿ ನೋಡ್ತಾರೆ. ಹೆದ್ರುದೋನು ಹಗ್ಗ ಬುಡಾಕಿಲ್ಲ. ಅದ್ರಾಗೂ ಆ ತುದೀಲಿ ಇರೋದು ನಾನು ಅಂದ್ರೆ, ನೀವು ಸತ್ರೂ ಬುಡಾಕಿಲ್ಲ ಅಂತ ಗೊತ್ತಿತ್ತು."

ಕಣ್ಣು ತುಂಬಿ ಬಂತು. ಬ್ಯಾಂಡೇಜಿನ ಕೈಯಲ್ಲಿ ಒರೆಸಿಕೊಳ್ಳಲೂ ಆಗಲಿಲ್ಲ. ಮರೀಗೌಡ ಎಡಗೈಯಿಂದ ಹೆಗಲ ಟವೆಲ್ ತೆಗೆದು ನನ್ನ ಮುಖ ಒರೆಸಿ, ಎದುರಿಗೆ ಬಡಿಸುತ್ತಿದ್ದವನಿಗೆ ಜೋರಾಗಿ ಹೇಳಿದ:

"ಏನ್ಲಾ, ಸಾರಿಗೆ ಖಾರ ಜಾಸ್ತಿ ಹಾಕ್‌ಬುಟ್ಟಿದ್ದೀರಲ್ಲಾ. ನಮ್ ಸಾಹೇಬ್ರಿಗೆ ಒಸಿ ಪಾಯ್ಸ ಬುಡು."